ಕೋಳಿಮರಿಗೆ ಕಾಸಿಟ್ಟ ನೀರು

ನಮ್ಮ ಕಡೆ ಚಳಿಗೆ ನೀರು ಹೆಪ್ಪುಗಟ್ಟೂದಿಲ್ಲ ಖರೆ, ಆದ್ರ ಚಳಿಗಾಲದ ಮುಂಜಾನಿ ತಣ್ಣೀರಿಗೆ ಕೋಳಿಮರಿ ಬಾಯಿ ಹಚ್ಚೂದಿಲ್ಲ. ಅವಕ್ಕ ಉಗುರುಬೆಚ್ಚಗಿನ ನೀರು ಕೊಡ್ರಿ ಅಂತ ಊರೂರು ತಿರುಗಿ ಹೇಳೂದು ನನ್ನ ನೌಕರಿ.

ಹಂಗ ಒಂದಿನ ತಂಬೂರು ಅನ್ನೂ ಊರಿನ ರಜಿಯಾಬಿ ಅವರ ಮನಿಗೆ ಹೋದೆ. ಬೈಕಿನ ಮ್ಯಾಲಿನ ಗಾಳಿಗೆ ಕೈಕಾಲು ಸೆಟದಿದ್ವು. ಅಂಗಳದಾಗ ಒಂದು ಬಕೆಟ್ಟು, ಬಾಜೂಕ ತಂಬಿಗಿ. ನೀರಿನಿಂದ ಹಬಿ ಏಳಾಕತ್ತಿತ್ತು. ಬಂದವರಿಗೆ ಕಾಲಿಗೆ ನೀರು ಕೊಡೂದು ಎಲ್ಲಾರ ಪದ್ಧತಿ. ಆದ್ರ ಬಿಸಿನೀರು! ನನ್ನ ಮರ್ಯಾದಿ ಇಷ್ಟು ಬೆಳದೈತಿ ಅಂತ ಉಬ್ಬಿ, ಕಾಲು ತೊಳಕೊಂಡೆ, ಮಾರಿ ತೊಳಕೊಂಡೆ, ಬಕೆಟ್ ಖಾಲಿ ಆಗೂತನಕ ಬಿಡಲಿಲ್ಲ.

ರಜಿಯಾಬಿ ಹೊರಗ ಬಂದು ಬಕೆಟ್ ನೋಡಿದ್ರು, ನನ್ನ ಕಾಲು ನೋಡಿದ್ರು.

"ಸಾಹೇಬ್ರ, ಹೋದ ಸಲ ನೀವ ಹೇಳಿದ್ರಲ್ಲ, ಅದಕ್ಕ ಮರಿಗೆ ಕಾಸಿಟ್ಟಿದ್ದೆ."

"ಹಂಗಾರ ನನಗ?" ಬಾಯಿ ತಪ್ಪಿ ಕೇಳಿಬಿಟ್ಟೆ.

"ನಿಮಗ ಆ ಕೊಡದಾಗ ತಣ್ಣೀರು ಐತ್ರಿ. ನೀವೇನು ಕೋಳಿಮರಿ ಏನ್ರಿ?"

ಮರಿಗಳ ಚೀರಾಟದ ನಡುವ ಒಲಿ ಊದಿ ಮತ್ತ ನೀರು ಕಾಸಿದವ ನಾನ. ಇಡೀ ಊರಾಗ ನನ್ನ ಮಾತು ಕೇಳಿದವರು ಅವರೊಬ್ಬರ. ಅವರು ಕಾಸಿಟ್ಟ ನೀರನ್ನೂ ನಾನ ಕಾಲಿಗೆ ಸುರಕೊಂಡಿದ್ದೆ.