ಮಾಲಪ್ಪ ಕಾಕಾನ ಗಂಟುಗಳು

ಬನಹಟ್ಟಿಯ ನೇಕಾರರ ಓಣಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಮುಂದೆ ಬೆಳಗಿನ ಹೊತ್ತು ನೂಲಿಗೆ ಗಂಜಿ ಹಚ್ಚುತ್ತಾರೆ. ಆ ಹುಳಿ ಹುಳಿ ವಾಸನೆ ಕಿಟಕಿಯಿಂದ ಒಳಗೆ ಬಂದರೆ ನನಗೆ ನೆನಪಾಗುವುದು ಹತ್ತಿಯಲ್ಲ, ಉಣ್ಣೆ. ನಮ್ಮ ಮನೆಯ ಅಂಗಳದಲ್ಲಿ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಸಿಲಿಗೆ ಹರಡುತ್ತಿದ್ದರು. ಗೋಡೆಯಾಚೆಯ ದವಾಖಾನೆಯಿಂದ ಸ್ಪಿರಿಟ್ಟಿನ ವಾಸನೆ ಬಂದು ಅದರೊಳಗೆ ಸೇರಿಕೊಳ್ಳುತ್ತಿತ್ತು. ಬಾಲ್ಯವೆಂದರೆ ನನ್ನ ಮಟ್ಟಿಗೆ ಈ ಎರಡು ವಾಸನೆಗಳು. ಆ ಅಂಗಳ, ಆ ಗೋಡೆ, ಆ ದವಾಖಾನೆ ಮೂರೂ ಈಗ ಕೃಷ್ಣೆಯ ಹಿನ್ನೀರಿನ ಕೆಳಗಿವೆ. ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರು ನಮ್ಮದು. ಓದುತ್ತಿರುವ ನಿಮ್ಮಲ್ಲಿ ಕೆಲವರ ಊರೂ ಅದರ ಪಕ್ಕದಲ್ಲೇ ಇರಬಹುದು.

ದವಾಖಾನೆ ಎಂದರೆ ಎರಡು ಕೋಣೆ, ಒಂದು ಬೆಂಚು, ಒಬ್ಬ ಸಿಸ್ಟರಮ್ಮ. ಕರಾವಳಿ ಕಡೆಯ ಕ್ರೈಸ್ತ ಸನ್ಯಾಸಿನಿ, ಕಲಿತ ನರ್ಸು. ಅವರ ಕನ್ನಡ ಪುಸ್ತಕದ್ದು. "ದಯಮಾಡಿ ಕುಳಿತುಕೊಳ್ಳಿ" ಎಂದರೆ ನಮ್ಮ ಕುರುಬರು, ಬೇರೆ ಯಾರಿಗೋ ಹೇಳುತ್ತಿದ್ದಾರೆಂದು ಹಿಂದೆ ತಿರುಗಿ ನೋಡುತ್ತಿದ್ದರು. ಅವರಿದ್ದಷ್ಟು ವರ್ಷ ಊರಿನಲ್ಲಿ ಒಬ್ಬರೂ ಅವರ ಧರ್ಮ ಸೇರಲಿಲ್ಲ. ಅವರು ಕರೆದದ್ದನ್ನೂ ನಾನು ಕೇಳಲಿಲ್ಲ. ಬದಲಿಗೆ ನನ್ನ ಅಜ್ಜಿಯೇ, ನಾವು ಆಯಿ ಎನ್ನುತ್ತಿದ್ದೆವು, ಪ್ರತಿ ರವಿವಾರ ಬೀರಪ್ಪನ ಗುಡಿಯಿಂದ ಬರುವಾಗ ಚಿಟಿಕೆ ಭಂಡಾರ ತಂದು ದವಾಖಾನೆಯ ಗೋಡೆಯ ಮೇಲಿನ ಶಿಲುಬೆಗೂ ಹಚ್ಚುತ್ತಿದ್ದಳು. "ಒಬ್ಬನ ಅದಾನ ಪಾಪ, ಪರಸ್ಥಳದಾಗ. ನಾವ ನೋಡ್ಕೋಬೇಕಲ್ಲ" ಎನ್ನುತ್ತಿದ್ದಳು. ಸಿಸ್ಟರಮ್ಮ ಆ ಅರಿಸಿನವನ್ನು ಒಮ್ಮೆಯೂ ಒರೆಸಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ಮಾಲಪ್ಪ ಕಾಕಾ, ನನ್ನ ಅಪ್ಪನ ತಮ್ಮ, ಕೆಮ್ಮಿ ಕೆಮ್ಮಿ ಕಡ್ಡಿಯಾದ. ಕಫ ಪರೀಕ್ಷೆ ಮಾಡಿಸಿ ಕ್ಷಯ ಎಂದರು. ಆರು ತಿಂಗಳು ಒಂದು ದಿನವೂ ತಪ್ಪದೆ ಗುಳಿಗೆ ನುಂಗಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದು ಸಿಸ್ಟರಮ್ಮ ಸ್ಪಷ್ಟವಾಗಿ ಹೇಳಿದರು. ಆದರೆ ಕಾಕಾ ಕುರಿ ಬಿಟ್ಟಿರುವವನಲ್ಲ. ಗೊಬ್ಬರಕ್ಕಾಗಿ ಹಿಂಡನ್ನು ರೈತರ ಹೊಲದಲ್ಲಿ ನಿಲ್ಲಿಸುತ್ತ ಮುಧೋಳದ ಕಡೆ ಹೊರಟಿದ್ದ. ಅಕ್ಷರ ಬಾರದ ಅವನಿಗೆ ಸಿಸ್ಟರಮ್ಮ ಒಂದು ತಿಂಗಳ ಗುಳಿಗೆಯ ಜೊತೆ ಒಂದು ಉಣ್ಣೆದಾರ ಕೊಟ್ಟರು. ಗುಳಿಗೆ ಹೋದ ದಿನ ಒಂದು ಗಂಟು. ಲೆಕ್ಕ ತಪ್ಪುವಂತಿರಲಿಲ್ಲ.

ಅಪ್ಪನ ಜೊತೆ ರೊಟ್ಟಿಗಂಟು ಹೊತ್ತು ಹಿಂಡಿನ ಹತ್ತಿರ ಹೋದಾಗ ನಾನೊಬ್ಬಳೇ ಅದನ್ನು ನೋಡಿದೆ. ಕಾಕಾ ಗುಳಿಗೆಗಳನ್ನು ಕಲ್ಲಿನಿಂದ ಅರೆದು, ಬೆಲ್ಲದಲ್ಲಿ ಕಲಸಿ, ಬೀರಪ್ಪನಿಗೆ ಬಿಟ್ಟ ಟಗರಿನ ಬಾಯಿಗೆ ಇಟ್ಟ. ಆಮೇಲೆ ಬಹಳ ನಿಷ್ಠೆಯಿಂದ ದಾರಕ್ಕೆ ಗಂಟು ಹಾಕಿದ. ನನ್ನನ್ನು ಕಂಡು ಸೊಂಟದ ಚೀಲದ ಭಂಡಾರ ತೆಗೆದು ನನ್ನ ಕೈ ಅದರ ಮೇಲಿಡಿಸಿದ. "ಆಣಿ ಮಾಡ ಯವ್ವಾ, ಯಾರ ಮುಂದೂ ಹೇಳಂಗಿಲ್ಲ. ದೇವರ ಟಗರು ಕೆಮ್ಮಾಕತ್ತೇತಿ. ಅದು ಹ್ವಾದ್ರ ಹಿಂಡ ಉಳಿಯಂಗಿಲ್ಲ. ನಂದೇನ, ಆಮ್ಯಾಲ ನೋಡಿದ್ರಾತು." ನಮ್ಮಲ್ಲಿ ಭಂಡಾರ ಮುಟ್ಟಿ ಮಾಡಿದ ಆಣೆ ಮುರಿದರೆ ನಾಲಿಗೆ ಬಿದ್ದುಹೋಗುತ್ತದೆ ಎಂದು ನಂಬಿಕೆ. ಎಂಟು ದಿನ ನಾನು ತುಟಿ ಬಿಚ್ಚಲಿಲ್ಲ. ಅಮಾವಾಸ್ಯೆಗೆ ಕಾಕಾ ಮನೆಗೆ ಬಂದು ದವಾಖಾನೆಯಲ್ಲಿ ಗಂಟುಗಳ ದಾರ ತೋರಿಸಿದ, ನಾನೂ ಹಿಂದೆ ಹೋಗಿದ್ದೆ, ಸಿಸ್ಟರಮ್ಮ ಖುಷಿಯಿಂದ ಎರಡನೇ ತಿಂಗಳ ಪೊಟ್ಟಣ ಕಟ್ಟತೊಡಗಿದರು. ಆಗಲೇ ಅವನಿಗೆ ಕೆಮ್ಮು ಬಂತು. ಕಂಬಳಿಯ ಅಂಚಿಗೆ ಬಾಯಿ ಒರೆಸಿಕೊಂಡದ್ದು ಕೆಂಪಗಿತ್ತು.

ಅವನು ಎದ್ದು ಹೊರಗೆ ಹೋದ ಮೇಲೆ ನಾನು ಎಲ್ಲ ಹೇಳಿ, ನಾಲಿಗೆ ಇದೆಯೋ ಇಲ್ಲವೋ ಎಂದು ಬೆರಳಿಂದ ಮುಟ್ಟಿ ನೋಡಿಕೊಂಡೆ. ಸಿಸ್ಟರಮ್ಮ ಕಟ್ಟುತ್ತಿದ್ದ ಪೊಟ್ಟಣ ಕೆಳಗಿಟ್ಟು, "ಆಣೆ ಮುರಿದದ್ದು ನನ್ನ ಮೇಲಿರಲಿ, ಮಗು. ನೀನು ಹೋಗಿ ಊಟ ಮಾಡು" ಎಂದರು. ಕಾಕಾನಿಗೆ ಒಂದು ಮಾತೂ ಬೈಯಲಿಲ್ಲ. ಬೀಳಗಿಯ ದನದ ದವಾಖಾನೆಗೆ ಹೋಗಿ ಟಗರಿನ ಕೆಮ್ಮಿಗೆ ಬೇರೆ ಔಷಧದ ಬಾಟಲಿ ತಂದರು. "ಮೊದಲು ಟಗರು, ಆಮೇಲೆ ಮಾಲಪ್ಪ. ಆಗಬಹುದೇ?" ಎಂದು ಕೇಳಿದರು. ಕಾಕಾ ನೆಲ ನೋಡುತ್ತ, "ಹಂಗಾದ್ರ ಆತ್ರಿ" ಎಂದ. ಆಯಿ ಹಟ ಹಿಡಿದು ಆ ವರ್ಷ ಹಿಂಡನ್ನು ಊರ ಸುತ್ತಲ ಹೊಲಗಳಲ್ಲೇ ನಿಲ್ಲಿಸಿದಳು. ಸಿಸ್ಟರಮ್ಮ ಹಳೆಯ ದಾರವನ್ನು ಎಸೆಯದೆ, ಅದರ ತುದಿಗೆ ಗಾಯಕ್ಕೆ ಸುತ್ತುವ ಬಿಳಿ ಪಟ್ಟಿಬಟ್ಟೆಯ ಚೂರೊಂದು ಕಟ್ಟಿ, ಅಲ್ಲಿಂದ ಮುಂದಕ್ಕೆ ಹೊಸ ದಾರ ಜೋಡಿಸಿದರು. ದಿನಾ ಬೆಳಗ್ಗೆ ಎರೆಮಣ್ಣು ಮೆತ್ತಿದ ಚಪ್ಪಲಿ ಕೈಯಲ್ಲಿ ಹಿಡಿದು ಹೊಲಕ್ಕೆ ನಡೆದು, ಟಗರಿಗೆ ಕುಡಿಸಿ, ಕಾಕಾನ ನಾಲಿಗೆಯ ಮೇಲೆ ಗುಳಿಗೆ ಇಟ್ಟು, ನುಂಗುವ ತನಕ ನಿಂತಿರುತ್ತಿದ್ದರು. ಗಂಟು ಮಾತ್ರ ಅವನೇ ಹಾಕಬೇಕು. ಮಳೆಗಾಲ ಹಿಡಿಯುವ ಹೊತ್ತಿಗೆ ಕಾಕಾನ ಮೈಯಲ್ಲಿ ಮಾಂಸ ಬಂತು. ಟಗರೂ ಬದುಕಿತು. ಗುಳಿಗೆ ಮುಗಿದ ಮೇಲೆ ದಾರ ಸಿಸ್ಟರಮ್ಮನ ಹತ್ತಿರವೇ ಉಳಿಯಿತು. ಎರಡರ ಕೀರ್ತಿಯನ್ನೂ ಊರವರು ಬೀರಪ್ಪನಿಗೆ ಕೊಟ್ಟರು, ಸಿಸ್ಟರಮ್ಮ ಅದಕ್ಕೂ ನಕ್ಕರು.

ಆಮೇಲೆ ನೀರು ಬಂತು. ನಮಗೆ ದಿನ್ನೆಯ ಮೇಲೆ ಹೊಸ ಊರು ಕಟ್ಟಿಕೊಟ್ಟರು. ಅದರಲ್ಲಿ ಗುಡಿಗೆ ಜಾಗವಿತ್ತು, ಸಾಲೆಗೆ ಜಾಗವಿತ್ತು, ಸಿಸ್ಟರಮ್ಮನ ದವಾಖಾನೆಗೆ ಇರಲಿಲ್ಲ. ಅವರ ಮಠದವರು ಅವರನ್ನು ಕರಾವಳಿಗೆ ಕರೆಸಿಕೊಂಡರು. ಹೊರಡುವ ದಿನ ಕಾಕಾ ಬೀರಪ್ಪನಿಗೆ ಮೀಸಲಾದ ಮೊದಲ ಉಣ್ಣೆಯಲ್ಲಿ ನೇಯಿಸಿದ ಕಂಬಳಿ ತಂದು ಅವರ ಹೆಗಲಿಗೆ ಹೊದಿಸಿದ. ದೇವರದ್ದನ್ನು ಕೊಟ್ಟೆಯಲ್ಲೋ ಎಂದು ಆಯಿ ಕೂಡ ಕೇಳಲಿಲ್ಲ.

ಆ ಕಂಬಳಿ ವರ್ಷಗಳ ನಂತರ ಪಾರ್ಸೆಲ್ಲಿನಲ್ಲಿ ತಿರುಗಿ ಬಂತು, ಸಿಸ್ಟರಮ್ಮ ತೀರಿಕೊಂಡ ಸುದ್ದಿಯ ಚೀಟಿಯೊಡನೆ. ಸಾಲೆಯಲ್ಲಿ ಪಾಠ ಹೇಳುವ ಹೆಂಗಸು ನಾನು. ಆದರೂ ಚೀಟಿ ಓದಿದೊಡನೆ ನೆನಪಾದದ್ದು ಅವರು ತಮ್ಮ ಮೇಲೆ ಹಾಕಿಕೊಂಡ ನನ್ನ ಆಣೆ. ಮಡಿಕೆ ಬಿಚ್ಚಿದಾಗ ಒಳಗೆ ದಾರವಿತ್ತು, ನಡುವೆ ಹಳದಿಗಟ್ಟಿದ ಪಟ್ಟಿಬಟ್ಟೆ. ಮುದುಕನಾಗಿದ್ದ ಕಾಕಾ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಪಟ್ಟಿಬಟ್ಟೆಯ ಹಿಂದಿನ ಗಂಟುಗಳನ್ನು ಒಂದೊಂದಾಗಿ ಉಗುರಿನಿಂದ ಬಿಚ್ಚತೊಡಗಿದ.

"ಇವು ಸುಳ್ಳ ಅದಾವ" ಎಂದ. "ಆಕಿ ಕಡೆ ಇಷ್ಟ ದಿನಾ ಇದ್ವು ನೋಡ."

"ಕೊಡ ಕಾಕಾ, ನಾ ಬಿಚ್ಚತೀನಿ."

"ಬ್ಯಾಡ. ನಾ ಹಾಕಿದ್ವು, ನಾನ ಬಿಚ್ಚಬೇಕ."

"ಕಡೀವು ಎಂಟ ನನ್ನೂವು. ಆ ಎಂಟ ದಿನಾ ನಾ ಬಾಯಿ ಬಿಡಲಿಲ್ಲ" ಎಂದೆ.

ಕಾಕಾ ನನ್ನ ಮುಖ ನೋಡಿದ. ಆಮೇಲೆ ದಾರದ ಪಟ್ಟಿಬಟ್ಟೆಯ ಕಡೆಯ ಭಾಗವನ್ನು ನನ್ನ ಕೈಗೆ ಕೊಟ್ಟ. ಇಬ್ಬರೂ ಬಾಗಿಲಲ್ಲಿ ಕೂತು, ಸಂಜೆ ಬೆಳಕು ಇರುವ ತನಕ ಬಿಚ್ಚಿದೆವು.