ಊರ ಚಾನೆಲ್ಲಿಗೆ ಉಳಿದ ನಂಬರು

ನಮ್ಮ ಮನೆಯವರ ಬಗ್ಗೆ ಬರೆಯಲು ಕೂತಾಗಲೆಲ್ಲ ಆಸ್ಪತ್ರೆಯ ದಿನಗಳೇ ಮುಂದೆ ಬಂದು ನಿಲ್ಲುತ್ತವೆ. ಅವನ್ನು ಬರೆಯಲು ನನಗೆ ಮನಸ್ಸಿಲ್ಲ. ಅವರು ನಮ್ಮೂರಿಗೆ ಟಿವಿಯ ಡಬ್ಬಿ ಆಯ್ಕೆ ಮಾಡಿದ್ದನ್ನು ಬರೆಯುತ್ತೇನೆ. ಅವರು ಹೋದ ಮೇಲೆ ನನ್ನ ಎದೆ ಭಾರ ಸ್ವಲ್ಪ ಇಳಿಯುವುದು ಅದನ್ನು ನೆನೆದಾಗಲೇ.

ನಮ್ಮದು ಅಳವಂಡಿ ಕಡೆಯ ಊರು. ಕೊಪ್ಪಳ ಜಿಲ್ಲೆಯಾದ ಮರುವರ್ಷ ಅವರು ಊರಿಗೆ ಕೇಬಲ್ ತಂದರು. ನಮ್ಮ ಮಾಳಿಗೆಯ ಮೇಲೆ ದೊಡ್ಡ ಡಿಶ್, ಅಲ್ಲಿಂದ ಕಂಬಕ್ಕೆ, ಕಂಬದಿಂದ ಬೇವಿನ ಮರಕ್ಕೆ, ಹೀಗೆ ಪಕ್ಕದ ಊರಿನವರೆಗೂ ಕರಿ ವಾಯರು ಎಳೆದರು. ಹೊರಗಿನ ಚಾನೆಲ್ಲುಗಳ ಜೊತೆ ನಮ್ಮದೂ ಒಂದಿತ್ತು. ನಾನು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆಯುತ್ತಿದ್ದೆ, ಅವರು ಅದನ್ನು ಕ್ಯಾಮೆರಾದ ಮುಂದೆ ನಿಲ್ಲಿಸುತ್ತಿದ್ದರು. ದನಗಳಿಗೆ ಸೂಜಿ ಹಾಕುವ ದಿನ, ಯಾರದೋ ತಪ್ಪಿಸಿಕೊಂಡ ಎಮ್ಮೆ, ನಳದ ನೀರು ಬಿಡುವ ಹೊತ್ತು. ಎಲ್ಲಕ್ಕಿಂತ ಮುಖ್ಯ ಸಾವಿನ ಸುದ್ದಿ: ಯಾರು ತೀರಿಕೊಂಡರು, ಮಣ್ಣು ಮಾಡುವುದು ಎಷ್ಟೊತ್ತಿಗೆ. ಮೊದಲು ಇದಕ್ಕೆ ಓಣಿ ಓಣಿಗೂ ಆಳು ಕಳಿಸಬೇಕಿತ್ತು. ಬರಬರುತ್ತ ಆ ರೂಢಿ ಬಿಟ್ಟುಹೋಯಿತು. ಚಾನೆಲ್ಲಿನಲ್ಲಿ ಬಂದರೆ ಮನೆಗೆ ಬಂದು ಹೇಳಿದಂತೆಯೇ ಎಂದು ಜನ ತಿಳಿದರು.

ಮುಂದೆ ಎಷ್ಟೋ ವರ್ಷಗಳ ಮೇಲೆ, ಇನ್ನು ಟಿವಿಗೊಂದು ಸೆಟ್‌ಟಾಪ್ ಡಬ್ಬಿ ಇಲ್ಲದೆ ಕೇಬಲ್ ನಡೆಯುವುದಿಲ್ಲ, ಎಲ್ಲ ಡಿಜಿಟಲ್ ಆಗಬೇಕು ಎಂದು ಸರ್ಕಾರ ಹೇಳಿತು. ಎರಡು ಕಂಪನಿಯವರು ಬಂದರು. ಒಬ್ಬರು ಗಂಗಾವತಿಯಿಂದ, ಇನ್ನೊಬ್ಬರು ಕುಷ್ಟಗಿಯಿಂದ. ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರ ಸಿಗ್ನಲ್ ಬರುವುದಿಲ್ಲ. ಒಮ್ಮೆ ಊರೆಲ್ಲ ಒಂದು ಡಬ್ಬಿ ಹಾಕಿಸಿಕೊಂಡರೆ ಮುಗಿಯಿತು, ಮುಂದೆ ಅವರು ಕೊಟ್ಟಿದ್ದನ್ನೇ ನೋಡಬೇಕು.

ಊರಲ್ಲಿ ಎರಡು ಪಾರ್ಟಿ. ನನ್ನ ತವರೂ ಅದೇ ಊರು. ನನ್ನ ಅಣ್ಣ ಪಂಚಾಯಿತಿ ಸದಸ್ಯ. ಅವನು ಗಂಗಾವತಿಯ ಕಂಪನಿಯ ಪರ ನಿಂತ. ಅವನು ನಿಂತನೆಂದೇ ಎದುರು ಪಾರ್ಟಿಯ ಗೌಡರು ಕುಷ್ಟಗಿಯ ಪರ ನಿಂತರು. ಯಾವ ಡಬ್ಬಿ ಎಂದು ಕೇಳುವುದು ಓಟು ಯಾರಿಗೆ ಎಂದು ಕೇಳಿದಂತಾಯಿತು.

ಅಣ್ಣ ಮನೆಗೆ ಬಂದ. “ತಂಗಿ, ನಿನ್ನ ಗಂಡಗ ತಿಳಿಸಿ ಹೇಳವ್ವಾ. ಅವ ಆ ಕಡಿ ಹೋದ್ರ ಊರಾಗ ನಾ ಹೆಂಗ ಮಾರಿ ತೋರಸ್ಲಿ?”

ಒಳಗೆ ವಾಯರು ಸುತ್ತುತ್ತಿದ್ದ ಇವರು ಕೂಗಿದರು: “ಬೀಗರ, ಮೊದಲ ಚಾ ಕುಡೀರಿ. ಡಬ್ಬಿ ಎಲ್ಲೂ ಓಡಿ ಹೋಗೂದಿಲ್ಲ.”

ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಎರಡು ಟಿವಿ ಇಡಿಸಿ, ಊರ ಮುಂದೆಯೇ ಇಬ್ಬರ ಡಬ್ಬಿಯನ್ನೂ ಹಚ್ಚಿಸಿದರು. ಗಂಗಾವತಿಯದರಲ್ಲಿ ಚಿತ್ರ ಬಹಳ ಚೆನ್ನಾಗಿತ್ತು, ಸಿನಿಮಾ ಚಾನೆಲ್ಲುಗಳೂ ಹೆಚ್ಚು. ಇವರು ಕೇಳಿದ್ದು ಒಂದೇ: “ನಮ್ಮೂರ ಚಾನೆಲ್ಲಿಗೆ ಒಂದು ನಂಬರ್ ಬಿಡ್ತೀರೇನ್ರಿ?”

ಗಂಗಾವತಿಯವನು ನಕ್ಕ. “ಇಷ್ಟೆಲ್ಲಾ ಚಾನೆಲ್ ಅದಾವಲ್ರಿ, ನಿಮ್ಮ ರಟ್ಟು ಯಾರ್ ನೋಡ್ತಾರ?”

ಕಟ್ಟೆಯ ಕೆಳಗೆ ಕೂತಿದ್ದ ಮುದುಕಿಯೊಬ್ಬಳು, “ನಾ ನೋಡ್ತೀನೋ ತಮ್ಮಾ. ನೀ ಸತ್ತರೂ ಅದರಾಗ ಬರ್ತೈತಿ!” ಅಂದಳು. ಎರಡೂ ಪಾರ್ಟಿಯವರು ಬಿದ್ದು ಬಿದ್ದು ನಕ್ಕರು. ಅಣ್ಣ ಮಾತ್ರ ನಗಲಿಲ್ಲ.

ಕುಷ್ಟಗಿಯವನು ಬಿಡುತ್ತೇನೆ ಎಂದ. “ಹಂಗಾದ್ರ ಈಗ ಹಚ್ಚಿ ತೋರಸ್ರಿ,” ಎಂದರು ಇವರು. ಅವನು ತನ್ನ ಮಷೀನು ತೆಗೆದು ನಮ್ಮ ಕ್ಯಾಮೆರಾದ ವಾಯರು ಸೇರಿಸಿದ. ಸ್ವಲ್ಪ ಹೊತ್ತಿಗೆ ನನ್ನ ರಟ್ಟು ಟಿವಿಯಲ್ಲಿ ಬಂತು. ಕುಷ್ಟಗಿಯದೇ ಆಗಲಿ ಎಂದು ಇವರು ಹೇಳಿದ್ದೇ ತಡ, ಗೌಡರು ಹಾರ ಹಿಡಿದು ಮುಂದೆ ಬಂದರು. ಇವರು ಎರಡೂ ಕೈ ಅಡ್ಡ ಹಿಡಿದು ಅಂದರು: “ಹಾರ ಬ್ಯಾಡ್ರಿ ಗೌಡ್ರ. ನಾ ನಿಮ್ಮ ಪಾರ್ಟಿಗೆ ಬಂದಿಲ್ಲ. ಅವ್ರು ನಂಬರ್ ಬಿಟ್ರು, ಅದಕ್ಕ ಅವ್ರ ಡಬ್ಬಿ ತಗೊಂಡ್ನಿ.”

ಹೀಗೆ ಅಣ್ಣನೂ ಮುನಿಸಿಕೊಂಡ, ಗೌಡರೂ ಮುನಿಸಿಕೊಂಡರು. ಆ ವರ್ಷದ ಪಂಚಮಿಗೆ ತವರಿನಿಂದ ಕರೆ ಬರಲಿಲ್ಲ. ಅಣ್ಣನ ಮಾತು ಕೇಳಿದ್ದರೆ ಏನು ಹೋಗುತ್ತಿತ್ತು ಎಂದು ನಾನು ಅತ್ತೆ. “ನಿಮ್ಮಣ್ಣನ ಸಿಟ್ಟು ಇವತ್ತಿಲ್ಲ ನಾಳೆ ಇಳೀತೈತಿ. ನಂಬರ್ ಹೋದ್ರ ತಿರುಗಿ ಬರೂದಿಲ್ಲ,” ಎಂದು ಅವರು ಸೈಕಲ್ ಹತ್ತಿ ಹೋದರು.

ಆ ದಿನಗಳಲ್ಲಿ ಅವರಿಗೆ ಬಿಡುವೇ ಇರಲಿಲ್ಲ. ಡಬ್ಬಿಯೊಳಗೆ ಇಡಲು ಒಂದು ಸಣ್ಣ ಕಾರ್ಡು ಕೊಡುತ್ತಿದ್ದರು. ನಮ್ಮ ಹೆಂಗಸರು ಅದನ್ನು ಹೊರಕ್ಕೆ ತೆಗೆದು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಭದ್ರ ಮಾಡಿಬಿಡುತ್ತಿದ್ದರು. ಆಮೇಲೆ ಟಿವಿ ಬರುತ್ತಿಲ್ಲ ಎಂದು ದೂರು. “ಅಷ್ಟ್ ಚಂದನ ಕಾರ್ಡ್ರಿ, ಹುಡುಗ್ರು ಕಳೀತಾವಂತ ಇಟ್ಟೀನಿ,” ಎಂದು ಅವರನ್ನೇ ಬೈದವರೂ ಇದ್ದರು. ಅವರು ನಗುತ್ತ ಮನೆ ಮನೆಯ ಟ್ರಂಕು ತೆಗೆಸಿದರು.

ಅಣ್ಣ ನಮ್ಮ ವಾಯರು ಕಿತ್ತು, ತನ್ನ ಮನೆಗೆ ಬೇರೆ ಸಣ್ಣ ಡಿಶ್ ಹಾಕಿಸಿಕೊಂಡ.

ಮರುವರ್ಷ ಪಕ್ಕದ ಊರಲ್ಲಿ ನಮ್ಮ ಅಪ್ಪನ ಗೆಳೆಯರೊಬ್ಬರು ತೀರಿಕೊಂಡರು. ಅಣ್ಣನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು ಅವರು. ನಾನು ರಟ್ಟು ಬರೆದೆ, ಚಾನೆಲ್ಲಿನಲ್ಲಿ ಬಂತು, ನಮ್ಮೂರಿನ ಜನವೆಲ್ಲ ಮಣ್ಣಿಗೆ ಹೋಯಿತು. ಅಣ್ಣನ ಮನೆಯಲ್ಲಿ ಈಗ ನಮ್ಮ ಚಾನೆಲ್ ಬರುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಮರುದಿನ ಅವನು ಅಲ್ಲಿಗೆ ಹೋಗಿ ನನಗೇಕೆ ಹೇಳಿ ಕಳಿಸಲಿಲ್ಲ ಎಂದು ಜಗಳ ತೆಗೆದನಂತೆ. ಸತ್ತವರ ಮಗ, “ಟಿವ್ಯಾಗ ಹೇಳಿದ್ವಲ್ಲೋ ಅಣ್ಣಾ. ಮಂದಿ ಎಲ್ಲಾ ಬಂದಿತ್ತು, ನೀನ ಬರಲಿಲ್ಲ,” ಅಂದನಂತೆ.

ಅಲ್ಲಿಂದ ಅಣ್ಣ ನೇರ ನಮ್ಮ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. “ಬೀಗರ, ನಮ್ಮ ಮನಿಗೂ ಒಂದು ಡಬ್ಬಿ ಹಾಕ್ರಿ.”

ಇವರು ಉಣ್ಣುತ್ತಿದ್ದವರು ಕೈ ತೊಳೆದು, ಏಣಿ ಹೊತ್ತುಕೊಂಡು ಅವನ ಹಿಂದೆ ನಡೆದರು.

ಈಗ ಅವರಿಲ್ಲ. ಹೋದ ತಿಂಗಳು ಕಂಪನಿಯಿಂದ ಹೊಸಬನೊಬ್ಬ ಬಂದ. ಆ ನಂಬರನ್ನು ಬೇರೆ ಚಾನೆಲ್ಲಿಗೆ ಕೊಡಬೇಕಂತೆ. “ಅವ್ರಿಲ್ಲಲ್ರಿ ಅಕ್ಕಾರ, ಇನ್ನ ಯಾರ್ ನಡಸ್ತಾರ? ಎಲ್ಲಾರ ಕೈಯಾಗೂ ಮೊಬೈಲ್ ಅದಾವ.”

“ನಾ ನಡಸ್ತೀನ್ರಿ. ಮೊಬೈಲ್ ಇಲ್ಲದ ಮುದುಕ್ರು ಭಾಳ ಮಂದಿ ಅದಾರ ಇಲ್ಲಿ,” ಎಂದೆ.

ಅವನು ಇನ್ನೂ ಏನೋ ಹೇಳಹೊರಟಿದ್ದ. ಪಡಸಾಲೆಯಲ್ಲಿ ಕೂತಿದ್ದ ಅಣ್ಣ ಎದ್ದು ನಿಂತ.

“ತಮ್ಮಾ, ಆ ನಂಬರ್ ಬಿಟ್ಟು ಬ್ಯಾರೆ ಏನರ ಕೇಳು. ಅದರ ಸಲುವಾಗಿ ನಮ್ಮ ಬೀಗ ಊರ ಮುಂದ ನನ್ನ ಮಾತ ಮುರದಾನ. ಈಗ ನೀ ಕೇಳಿದಿ ಅಂತ ಕೊಡ್ತೀವೇನು?”