ಓದಿದವರಿಗೊಂದು ಕಾಫಿ

ಹೊಸದಾಗಿ ಮಿಕ್ಸಿಯನ್ನೋ ಗಡಿಯಾರವನ್ನೋ ಕೊಂಡು ತಂದವರ ಮನೆಯಲ್ಲಿ ನೀವೂ ಗಮನಿಸಿರಬಹುದು: ಪೆಟ್ಟಿಗೆಯಿಂದ ಎಲ್ಲಕ್ಕಿಂತ ಮೊದಲು ಹೊರಬಂದು ಎಲ್ಲಕ್ಕಿಂತ ಮೊದಲು ಕಣ್ಮರೆಯಾಗುವ ವಸ್ತುವೆಂದರೆ ಅದನ್ನು ಬಳಸುವ ಕ್ರಮ ತಿಳಿಸುವ ಪುಟ್ಟ ಪುಸ್ತಕ. ಮಿಕ್ಸಿಗೆ ಅರಿಶಿನ ಕುಂಕುಮ ಸಲ್ಲುತ್ತದೆ, ಖಾಲಿ ಪೆಟ್ಟಿಗೆಗೆ ಅಟ್ಟದ ಮೇಲೆ ಗೌರವದ ಸ್ಥಾನ ಸಿಗುತ್ತದೆ. ಪುಸ್ತಕ ಮಾತ್ರ ಯಾರಿಗೂ ಬೇಡದ ನೆಂಟನಂತೆ ಸ್ವಲ್ಪ ಹೊತ್ತು ನಡುಮನೆಯಲ್ಲಿ ಸುಳಿದಾಡಿ ಹಾಸಿಗೆಯಡಿ ಸೇರುತ್ತದೆ. ಅಂಥ ಮನೆಗೆ ಹೋದಾಗ ನಾನು ಅದನ್ನು ಕೇಳಿ ತೆಗೆದುಕೊಂಡು ಆದ್ಯಂತವಾಗಿ ಓದುವುದುಂಟು. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಇದು ಹುಚ್ಚಲ್ಲ, ವೃತ್ತಿಬಾಂಧವ್ಯ ಎಂದು ವಿವರಿಸುವ ಗೋಜಿಗೆ ನಾನು ಹೋಗುವುದಿಲ್ಲ.

ಎಪ್ಪತ್ತರ ದಶಕದಲ್ಲಿ ಮಾಲೂರಿನ ಹೊರಗಿದ್ದ ಒಂದು ಹೆಂಚಿನ ಕಾರ್ಖಾನೆ ಜರ್ಮನಿಯಿಂದ ಮಣ್ಣು ಒತ್ತುವ ಯಂತ್ರವೊಂದನ್ನು ತರಿಸಿತು. ಅದರ ಜೊತೆ ಬಂದ ಕೈಪಿಡಿ ಕೈಯಲ್ಲಿ ಹಿಡಿಯಲಾರದಷ್ಟು ದಪ್ಪವಿದ್ದು, ಪೂರ್ತಿ ಜರ್ಮನ್ ಭಾಷೆಯಲ್ಲಿತ್ತು. ಅದನ್ನು ಇಂಗ್ಲಿಷಿಗೆ ತರುವ ಕೆಲಸ ನನಗೆ ಸಿಕ್ಕಿತು. ಮುಳಬಾಗಿಲಿನ ಪುರೋಹಿತರ ಮನೆಯಲ್ಲಿ ಹುಟ್ಟಿದ ನಾನು ಬೆಂಗಳೂರಿನ ಸಂಜೆ ತರಗತಿಗಳಲ್ಲಿ ಜರ್ಮನ್ ಕಲಿತದ್ದು ತತ್ತ್ವಶಾಸ್ತ್ರದ ಮೂಲಗ್ರಂಥಗಳನ್ನು ಓದಬೇಕೆಂಬ ಮಹತ್ವಾಕಾಂಕ್ಷೆಯಿಂದ. ವಿಧಿ ನನ್ನನ್ನು ಆತ್ಮದ ಬದಲು ಆಯಿಲ್ ಪಂಪಿನ ಎದುರು ಕೂರಿಸಿತು. ಆದರೂ ಬಾಲ್ಯದಲ್ಲಿ ಅಪ್ಪ ಬೆತ್ತ ಹಿಡಿದು ಕಲಿಸಿದ್ದ ಸಮಾಸ ಬಿಡಿಸುವ ವಿದ್ಯೆ ವ್ಯರ್ಥವಾಗಲಿಲ್ಲ. ಜರ್ಮನ್ನರು ಐದಾರು ಪದಗಳನ್ನು ಒಂದರ ಬಾಲಕ್ಕೊಂದು ಕಟ್ಟಿ ಸಾಲುದ್ದದ ಒಂದೇ ಪದ ಮಾಡಿದ್ದರೆ, ನಾನು ಅದನ್ನು ಹಿಂದಿನಿಂದ ಹಿಡಿದು ಬಿಡಿಬಿಡಿಯಾಗಿ ಮಾಡಿ, ಒಳಗೆ ಅಡಗಿದ್ದ ಬೇರಿಂಗನ್ನೋ ತೊಳೆಯುವ ಕೊಳವೆಯನ್ನೋ ಹೊರಗೆಳೆಯುತ್ತಿದ್ದೆ.

ಕಷ್ಟವಿದ್ದದ್ದು ಭಾಷೆಯಲ್ಲಲ್ಲ. ತೊಡಕಾದ ಒಂದು ಪದಕ್ಕೆ ದಿನಗಟ್ಟಲೆ ತಡಕಾಡಿ ಸರಿಯಾದ ಇಂಗ್ಲಿಷ್ ಪದ ಸಿಕ್ಕಾಗ ಆಗುವ ಸಂತೋಷವನ್ನು ಹೇಳಿಕೊಳ್ಳಲು ಇಡೀ ಮಾಲೂರಿನಲ್ಲಿ ನನಗೊಂದು ಕಿವಿ ಇರಲಿಲ್ಲ. ನಲವತ್ತು ಹತ್ತಿರವಾಗಿತ್ತು, ಮದುವೆಯಾಗಿರಲಿಲ್ಲ. ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಕೋಣೆ, ಊಟಕ್ಕೆ ಒಂದು ಮೆಸ್ಸು. ಒಂದು ದಿನ ತಡೆಯಲಾರದೆ ಮೆಸ್ಸಿನ ಭಟ್ಟರಿಗೇ ಹೇಳಿಬಿಟ್ಟೆ, "ಭಟ್ರೇ, ಇವತ್ತು ಕೊನೆಗೂ ಆ ಮಾತು ಸಿಕ್ತು." ಅವರು ಸೌಟನ್ನು ಮೇಲೆತ್ತಿ, "ಒಳ್ಳೇದಾಯ್ತು ಬಿಡಿ ಸಾರ್. ಇನ್ನೊಂದ್ಸಲ ಸಾರು ಹಾಕ್ಲಾ?" ಎಂದರು. ಸಾರು ಹಾಕಿಸಿಕೊಂಡೆ.

ಅವತ್ತು ಸಿಕ್ಕಿದ್ದ ಮಾತಿನ ಕಥೆಯನ್ನು ನಿಮಗಾದರೂ ಹೇಳುತ್ತೇನೆ. ಯಂತ್ರದ ಬಾಯಿಯ ಬಳಿ ಒಂದು ತಿರುಪು ಇದೆ. ಹೆಚ್ಚು ಬಿಗಿದರೆ ಮಣ್ಣು ಸೀಳುತ್ತದೆ, ಕಡಿಮೆ ಬಿಗಿದರೆ ಹೆಂಚು ಸೊಟ್ಟಗಾಗುತ್ತದೆ. ಎಲ್ಲಕ್ಕೂ ಅಳತೆ ಕೊಡುವ ಜರ್ಮನ್ನರು ಇಲ್ಲಿ ಮಾತ್ರ ಅಳತೆ ಬಿಟ್ಟು, 'ಭಾವನೆಯಿಂದ ಬಿಗಿಯಿರಿ' ಎಂದು ಬರೆದಿದ್ದರು. ಅವರಲ್ಲಿ ಅದು ಫಿಟ್ಟರುಗಳು ದಿನವೂ ಆಡುವ ಮಾತಂತೆ. ನಾನು 'ವಿತ್ ಫೀಲಿಂಗ್' ಎಂದು ಬರೆದೆ. ಸಂಗೀತದ ಮೇಷ್ಟರು ಹೇಳಿದಂತಿತ್ತು. ಮ್ಯಾನೇಜರು ನಕ್ಕಾರೆಂದು ಹೊಡೆದುಹಾಕಿ 'ಜೆಂಟ್ಲಿ' ಎಂದೆ. ಅದನ್ನು ಓದಿದವನು ತಿರುಪನ್ನು ಸಡಿಲವಾಗಿಯೇ ಬಿಟ್ಟಾನು. 'ವಿತ್ ಕೇರ್' ಎಂಬುದು ಪಾರ್ಸಲ್ಲಿನ ಮೇಲೆ ಬರೆಯುವ ಮಾತು. ಕೊನೆಗೆ 'ವಿತ್ ಎ ನೋಯಿಂಗ್ ಹ್ಯಾಂಡ್', ಬಲ್ಲ ಕೈಯಿಂದ, ಎಂದು ಬರೆದು ಸಮಾಧಾನಪಟ್ಟೆ. ಹಸ್ತಪ್ರತಿಯ ಅಂಚಿನಲ್ಲಿ ಮೂಲದ ಅರ್ಥವನ್ನು ನನ್ನ ನೆನಪಿಗೆಂದು ಗುರುತು ಹಾಕಿಕೊಂಡಿದ್ದೆ.

ಒಂಟಿತನ ಮನುಷ್ಯನಿಂದ ಏನೇನೋ ಮಾಡಿಸುತ್ತದೆ. ನನ್ನಿಂದ ಒಂದು ವಾಕ್ಯ ಬರೆಸಿತು. ಕೊನೆಯ ಅಧ್ಯಾಯ ಕೀಲೆಣ್ಣೆಯದು. ಯಾವ ಬೇರಿಂಗಿಗೆ ಯಾವಾಗ ಎಣ್ಣೆ ಹಾಕಬೇಕೆಂಬ ಪರಮ ನೀರಸ ವಿವರಗಳ ನಡುವೆ, ಜರ್ಮನ್ನಿನಲ್ಲಿ ಇಲ್ಲದ ಒಂದು ಸೂಚನೆಯನ್ನು ನಾನೇ ಸೇರಿಸಿದೆ: 'ಇಲ್ಲಿಯವರೆಗೆ ಓದಿ ಬಂದವರು ದಯವಿಟ್ಟು ಭಾಷಾಂತರಕಾರನ ಮೇಜಿಗೆ ಬಂದು ಅವನ ಖರ್ಚಿನಲ್ಲಿ ಒಂದು ಕಾಫಿ ಕುಡಿಯಬೇಕು.' ಬರೆದಾದ ಮೇಲೆ ಅಳುಕಿ ಪೆನ್ನನ್ನು ಮತ್ತೆ ಎತ್ತಿದೆ. ಆದರೆ ಹೊಡೆದುಹಾಕಲಿಲ್ಲ. ಯಾರಾದರೊಬ್ಬರು ಬರಲಿ, ನನ್ನ ಕೆಲಸವನ್ನು ಒಬ್ಬರಾದರೂ ಓದಿದ್ದಾರೆ ಎಂದು ತಿಳಿದರೆ ಸಾಕು ಎನ್ನುವುದಷ್ಟೇ ಆಗ ನನ್ನ ಆಸೆಯಾಗಿತ್ತು.

ಹಸ್ತಪ್ರತಿಯನ್ನು ಟೈಪ್ ಮಾಡಿದವರು ವಿಶಾಲಾಕ್ಷಮ್ಮ. ಶ್ರೀನಿವಾಸಪುರದಾಚೆಯ ಗೌನಿಪಲ್ಲಿಯ ಕಡೆಯವರು, ಮನೆಮಾತು ತೆಲುಗು, ಮಾಲೂರಿನಲ್ಲಿ ಅಕ್ಕನ ಮನೆಯಲ್ಲಿದ್ದರು, ಅವರಿಗೂ ಮದುವೆಯಾಗಿರಲಿಲ್ಲ. ನನ್ನಿಂದ ಮೂರು ಮೇಜಿನಾಚೆ ಕೂತು ತಲೆಯೆತ್ತದೆ ಕೆಲಸ ಮಾಡುತ್ತಿದ್ದರು. ಟೈಪಾಗಿ ಬಂದ ಪ್ರತಿಯಲ್ಲಿ ಕಾಫಿಯ ವಾಕ್ಯ ಒಂದಿನಿತೂ ಊನವಿಲ್ಲದೆ ಬೇರಿಂಗುಗಳ ನಡುವೆ ನಿಂತಿತ್ತು. ಟೈಪಿಸ್ಟುಗಳ ಕಣ್ಣಿನಿಂದ ಬೆರಳಿಗೆ ನೇರ ದಾರಿಯಿರುತ್ತದೆ, ನಡುವೆ ಮನಸ್ಸು ಎಂಬ ನಿಲ್ದಾಣವಿಲ್ಲ ಎಂದು ನಾನು ಪಂಡಿತನಂತೆ ತೀರ್ಮಾನಿಸಿದೆ.

ಆಯುಧಪೂಜೆಯ ದಿನ ಯಂತ್ರದ ಮುಂದೆ ಕೈಪಿಡಿಯನ್ನೂ ಇಟ್ಟರು. "ಪುಸ್ತಕಾನಿಕಿ ಕೂಡಾ ಬೊಟ್ಟು ಪೆಟ್ಟಂಡ್ರಾ!" ಎಂದು ಫೋರ್‌ಮನ್ ತೆಲುಗಿನಲ್ಲಿ ಕೂಗಿ ಅದಕ್ಕೂ ಕುಂಕುಮ ಇಡಿಸಿದ, ಚೆಂಡುಹೂವು ಏರಿಸಿದ. ನಾನು ಹೆಮ್ಮೆಯಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತೆ. ಪೂಜೆ ಮುಗಿದ ಮೇಲೆ ಮ್ಯಾನೇಜರು, ಇಷ್ಟು ಬೆಲೆಬಾಳುವ ಗ್ರಂಥ ಕಂಡಕಂಡವರ ಕೈಗೆ ಸಿಗಬಾರದೆಂದು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೆಂಗಳೂರಿನ ಫಿಟ್ಟರುಗಳು ಬಂದು ಕೆಲಸ ಕಲಿಸಿ ಹೋಗಿದ್ದರಿಂದ ಗ್ರಂಥದ ಹಂಗಿಲ್ಲದೆ ಹೆಂಚುಗಳು ಬೀಳುತ್ತಿದ್ದವು. ಕೈಪಿಡಿ ದೇವರಾಗಿಬಿಟ್ಟಿತ್ತು, ದೇವರನ್ನು ಯಾರು ಓದುತ್ತಾರೆ?

ಆದರೂ ಕಾದೆ. ಕಂಪನಿಯ ಇಂಗ್ಲಿಷ್ ಪತ್ರಗಳನ್ನು ಬರೆಯಲು ನನ್ನನ್ನು ಉಳಿಸಿಕೊಂಡಿದ್ದರು, ಹಾಗಾಗಿ ಕಾಯುವುದಕ್ಕೆ ಮೇಜೂ ಇತ್ತು. ಎಂಜಿನಿಯರು ನನ್ನತ್ತ ನಡೆದುಬಂದರೆ ಬೆನ್ನು ನೆಟ್ಟಗಾಗುತ್ತಿತ್ತು. ಅವರು ಬಂದದ್ದು ಗುಂಡುಸೂಜಿಗೆ. ಒಮ್ಮೆ ಬೆಂಗಳೂರಿನಿಂದ ಬಂದ ಅಧಿಕಾರಿಯೊಬ್ಬರು ಬೀರು ತೆಗೆಸಿ ಕೈಪಿಡಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತದ್ದನ್ನು ಕಂಡು ಮುಂಚಿತವಾಗಿಯೇ ಕಾಫಿ ತರಿಸಿಟ್ಟೆ. ಅವರು ಚಿತ್ರಗಳನ್ನು ನೋಡಿ ಮುಗಿಸಿ ಕಾರು ಹತ್ತಿದರು. ಕೆನೆಗಟ್ಟಿದ ಕಾಫಿಯನ್ನು ನಾನೇ ಕುಡಿದೆ. ಹೀಗೆ ವರ್ಷಗಳು ಕಳೆದು ಎಂಬತ್ತರ ದಶಕ ಬಂತು.

ಆಗ ವಿಶಾಲಾಕ್ಷಮ್ಮನವರಿಗೆ ಶ್ರೀನಿವಾಸಪುರದ ತಾಲ್ಲೂಕು ಕಚೇರಿಯಲ್ಲಿ ಸರ್ಕಾರಿ ಕೆಲಸವಾಯಿತು. ಬೀಳ್ಕೊಡುಗೆಯ ಮಿಕ್ಸ್ಚರು, ಮೈಸೂರು ಪಾಕು ಮುಗಿದು ಎಲ್ಲರೂ ಚದುರಿದ ಮೇಲೆ ಅವರು ಕೈಚೀಲ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತರು.

"ಸಾರ್, ಆ ಎಣ್ಣೆ ಹಾಕೋ ಅಧ್ಯಾಯ ಟೈಪ್ ಮಾಡಿದ್ದು ನಾನೇ ಅಲ್ವಾ? ಅದ್ರಲ್ಲೊಂದು ಕಾಫಿ ಇತ್ತು."

ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. "ಮತ್ತೆ ಇಷ್ಟು ವರ್ಷ ಬರ್ಲೇ ಇಲ್ವಲ್ರೀ?"

"ಓದಿದವರು ಬರಬೇಕು ಅಂತ ಬರ್ದಿದ್ರಿ. ಟೈಪ್ ಮಾಡಿದವಳನ್ನ ನೀವು ಓದಿದವಳು ಅಂತ ಅಂದ್ಕೊಂಡಿದೀರೋ ಇಲ್ವೋ ಗೊತ್ತಾಗ್ಲಿಲ್ಲ ಸಾರ್. ನೀವೇ ಕರೀತೀರೇನೋ ಅಂತ ನೋಡ್ದೆ. ಕರೀಲಿಲ್ಲ, ಸುಮ್ನಾದೆ."

ಎರಡು ಕಾಫಿ ತರಿಸಿದೆ. ಏನು ಮಾತಾಡುವುದೆಂದು ನಾನು ತಡಬಡಾಯಿಸುತ್ತಿರುವಾಗ ಅವರೇ ಶುರುಮಾಡಿದರು. "ಆ ತಿರುಪಿಗೆ ಎಷ್ಟು ಮಾತು ಹೊಡೆದುಹಾಕಿದ್ರಿ ಸಾರ್! ಆದ್ರೂ ಮೊದಲು ಬರ್ದಿದ್ದೇ ಚೆನ್ನಾಗಿತ್ತು. ಫೀಲಿಂಗ್ ಅಂತಲೇ ಬಿಡಬಹುದಿತ್ತು." ತಾಂತ್ರಿಕ ಭಾಷೆಗೆ ಗಾಂಭೀರ್ಯ ಬೇಕಾಗುತ್ತದೆಂದು ನಾನು ವಾದಿಸಿದೆ. ಅವರು ಬಿಡಲಿಲ್ಲ. "ಜರ್ಮನಿಯವರೇ ಭಾವನೆ ಅಂತ ಬರ್ದಿದಾರೆ, ಪಕ್ಕದಲ್ಲಿ ನೀವೇ ಗುರುತು ಹಾಕಿದ್ರಿ. ಅವ್ರಿಗಿಲ್ಲದ ನಾಚಿಕೆ ನಿಮಗ್ಯಾಕೆ ಸಾರ್?" ನನ್ನ ಭಾಷಾಂತರದ ಬಗ್ಗೆ ಒಬ್ಬರು ನನ್ನೊಡನೆ ಜಗಳವಾಡುತ್ತಿದ್ದರು! ನಾನು ದನಿಯೇರಿಸಿ ವಾದಿಸಿದೆ, ಆ ಹೊತ್ತಿನಷ್ಟು ಸುಖವನ್ನು ಮಾಲೂರಿನಲ್ಲಿ ನಾನು ಹಿಂದೆಂದೂ ಉಂಡಿರಲಿಲ್ಲ. ಅಷ್ಟರಲ್ಲಿ ಅವರ ಅಕ್ಕನ ಗಂಡ ಗೇಟಿನ ಬಳಿ ಬಂದಿದ್ದಾರೆಂದು ವಾಚ್‌ಮನ್ ಹೇಳಿದ. ವಿಶಾಲಾಕ್ಷಮ್ಮ ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, "ವಸ್ತಾನು ಸಾರ್" ಎಂದು, ಹೋಗುವವರು ಬರುತ್ತೇನೆಂದು ಹೇಳುವ ನಮ್ಮ ಕಡೆಯ ಮರ್ಯಾದೆಯಂತೆ ಹೇಳಿ ಹೊರಟರು.

ಮಾರನೆಯ ದಿನ ಆ ಮೇಜು ಖಾಲಿಯಿತ್ತು. ಟೈಪಿನ ಸದ್ದಿಲ್ಲದ ಕಚೇರಿಯಲ್ಲಿ ನನಗೆ ಒಂದು ಸಾಲೂ ಬರೆಯಲಾಗಲಿಲ್ಲ. ಮೂರು ಮೇಜಿನಾಚೆ ಇಷ್ಟು ವರ್ಷ ನನಗೊಬ್ಬರು ಓದುಗರಿದ್ದರು, ನಾನು ಮಾತ್ರ ಒಂಟಿಯೆಂದುಕೊಂಡು ಬಾಗಿಲಿನತ್ತ ನೋಡುತ್ತಾ ಕಳೆದಿದ್ದೆ. ವಾರವಿಡೀ ಆ ವಾದವನ್ನೇ ಮನಸ್ಸಿನಲ್ಲಿ ಮುಂದುವರಿಸಿ, ಶನಿವಾರದ ಹೊತ್ತಿಗೆ ಸಂಪೂರ್ಣವಾಗಿ ಸೋತೆ. ಅವರು ಹೇಳಿದ್ದೇ ಸರಿ.

ಸೋಮವಾರ ರಜೆ ಹಾಕಿದೆ. ಕೋಲಾರದಲ್ಲಿ ಬಸ್ಸು ಬದಲಿಸಿ ಶ್ರೀನಿವಾಸಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಕಾಲಡಿ ಖಾಲಿ ಮಂಕರಿಗಳು, ಸುತ್ತ ಮಾವಿನ ವ್ಯಾಪಾರದವರು. ಟಿಕೆಟ್ಟು ಹರಿದುಕೊಡುತ್ತಾ ಕಂಡಕ್ಟರು ನನ್ನ ಬರಿಗೈಯನ್ನು ನೋಡಿ, "ಏನ್ ಸಾರ್, ಕಾಯಿ ನೋಡೋಕಾ?" ಎಂದ.

"ಇಲ್ಲಪ್ಪ," ಎಂದೆ. "ಅಲ್ಲೊಬ್ರನ್ನ ಕಾಫಿಗೆ ಕರೀಬೇಕು."